ಮುಖಪುಟದ ಮಗು

ಚಿತ್ರಗಾರ್ತಿ ತನ್ನ ಮಗಳ ಫೋಟೊವನ್ನು ಕಂಪ್ಯೂಟರ್ ಪರದೆಯ ಮೇಲೆ ಮೂಗಿನ ನೇರಕ್ಕೆ ಎರಡು ಹೋಳು ಮಾಡಿದಳು. ಎಡಭಾಗ ಸರಿಸಿ, ಬಲಭಾಗವನ್ನೇ ಕನ್ನಡಿಯಂತೆ ತಿರುಗಿಸಿ ಅಂಟಿಸಿದರೆ ತಕ್ಕಡಿಯಲ್ಲಿ ತೂಗಿದಂಥ ಮುಖ ಸಿಗುತ್ತದೆ. ಅವಳು ಮುಖಪುಟ ಮಾಡುತ್ತಿದ್ದ ವೈಜ್ಞಾನಿಕ ಕಾದಂಬರಿಗೆ ಬೇಕಾಗಿದ್ದುದೂ ಅಂಥದೇ ಮಗು. ಅದರಲ್ಲಿ ಮಕ್ಕಳು ಹುಟ್ಟುವ ಮೊದಲೇ ತಂದೆತಾಯಿ ಅವರ ವಂಶವಾಹಿಗಳನ್ನು ತಿದ್ದಿಸುತ್ತಾರೆ. ಊನ ಎಂಬುದು ಹೇಳಹೆಸರಿಲ್ಲದೆ ಹೋಗುತ್ತದೆ.

ಪ್ರಕಾಶಕ ಫೋನಿನಲ್ಲಿ ಕೇಳಿದ: "ತಿದ್ದಿಸೋದು ತಪ್ಪು ಅಂತಾರಲ್ಲ ಲೇಖಕರು, ನೀವೇನಂತೀರಿ?"

"ತಪ್ಪೇನು ಬಂತು? ನಾನಾಗಿದ್ರೆ ಮೊದಲು ಹೋಗಿ ಕ್ಯೂನಲ್ಲಿ ನಿಂತಿರ್ತಿದ್ದೆ."

ತಮಾಷೆಗೆ ಹೇಳಿದ್ದಲ್ಲ. ಅವಳ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದ ಜೋತುಬಿದ್ದಿತ್ತು. ಶಾಲೆಯಲ್ಲಿ ಎಲ್ಲರೂ 'ತೂಕಡಿಕೆ' ಎಂದೇ ಕರೆಯುತ್ತಿದ್ದರು. ರೆಪ್ಪೆ ಮಗಳಿಗೂ ಬಂತು, ಹಿಂದೆಯೇ ಅಡ್ಡಹೆಸರೂ ಬಂತು. ಈಗ ಹೊಟ್ಟೆಯಲ್ಲಿ ಇನ್ನೊಂದು ಕೂಸು. ಅದಕ್ಕಾದರೂ ಬಾರದಿರಲಿ ಎಂದು ಅವಳು ಬೇಡಿಕೊಳ್ಳದ ದಿನವಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಮಗಳು ಪರದೆ ನೋಡಿ, "ಚೆನ್ನಾಗಿದಾಳೆ. ಯಾರಮ್ಮ ಇವ್ಳು?" ಎಂದಳು.

"ನೀನೇ ಕಣೇ."

"ನಾನಾ? ಸುಳ್ಳು!" ಹುಡುಗಿ ಮೂಲೆಗೆ ಸರಿಸಿದ್ದ ಎಡಭಾಗದ ಮೇಲೆ ಬೆರಳಿಟ್ಟಳು. "ಇದಕ್ಕೂ ಜೊತೆ ಮಾಡ್ಕೊಡು. ಪಾಪ, ಒಂದೇ ಕಣ್ಣು."

ಮಗಳ ಹಟಕ್ಕೆ ಚಿತ್ರಗಾರ್ತಿ ಎಡಭಾಗವನ್ನೂ ತಿರುಗಿಸಿ ಅಂಟಿಸಿದಳು. ಎರಡು ರೆಪ್ಪೆಗಳೂ ಜೋತುಬಿದ್ದವು.

ಪರದೆಯಿಂದ ಚಿತ್ರಗಾರ್ತಿಯ ಅಮ್ಮ ನೋಡುತ್ತಿದ್ದಳು. ಎರಡೂ ಕಣ್ಣು ಅರ್ಧ ಮುಚ್ಚಿದ್ದ ಅಮ್ಮ, ಮೊಮ್ಮಗಳು ಹುಟ್ಟುವ ಮೊದಲೇ ಹೋಗಿಬಿಟ್ಟ ಅಮ್ಮ, ಪುಟ್ಟ ಹುಡುಗಿಯಾಗಿ. ದಿನಾ ಮಗಳ ಈ ಕೆನ್ನೆ ತೊಳೆದು, ಒರೆಸಿ, ಮುತ್ತಿಟ್ಟವಳಿಗೆ ಒಳಗೆ ಯಾರು ಕೂತಿದ್ದಾರೆಂದು ಗೊತ್ತೇ ಆಗಿರಲಿಲ್ಲವಲ್ಲ! ಎಷ್ಟು ದೂರದಿಂದ, ಯಾರ ಯಾರ ಮೈ ಹಾದು ಬಂದಿತ್ತೋ ಆ ಮುಖ. ಹೊಟ್ಟೆಯ ಕೂಸಿಗೆ ಬಾರದಿರಲಿ ಎನ್ನುವ ಮಾತು ಎಂದಿನಂತೆ ಗಂಟಲಿಗೆ ಬಂತು. ಆಡಲು ನಾಲಿಗೆ ಏಳಲಿಲ್ಲ. ಅಮ್ಮನ ಎದುರಿಗೆ ಆಡುವ ಮಾತೇ ಅದು?

"ಅಪ್ಪಾ, ಸ್ವಲ್ಪ ಬಾ ಇಲ್ಲಿ," ಎಂದು ಚಿತ್ರಗಾರ್ತಿ ಕೂಗಿದಳು.

ಒಳಕೋಣೆಯಲ್ಲಿ ಮಲಗಿದ್ದ ಅಪ್ಪ ಆಕಳಿಸುತ್ತ ಬಂದ. ತಲೆ ಕೆದರಿತ್ತು, ಅಂಗಿಯ ಗುಂಡಿ ಒಂದೂ ಹಾಕಿರಲಿಲ್ಲ. ಪರದೆ ಕಂಡದ್ದೇ ಆಕಳಿಕೆ ಅರ್ಧಕ್ಕೆ ನಿಂತಿತು.

"ನಿಮ್ಮಮ್ಮಂದು ಚಿಕ್ಕೋಳಿದ್ದಾಗಿನ ಫೋಟೊ ಒಂದೂ ಇರ್ಲಿಲ್ಲವಲ್ಲೇ. ಎಲ್ಲಿ ಸಿಕ್ತು?"

ಅಪ್ಪ ಎರಡೂ ಕೈಯಿಂದ ತಲೆಗೂದಲು ಸವರಿಕೊಂಡ. ಆಮೇಲೆ ಪರದೆಯಿಂದ ಕಣ್ಣು ಕೀಳದೆ, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳತೊಡಗಿದ.