ಕರಿ ಪಟ್ಟಿಯ ಮೇಲಿನ ಹೆಸರು

ನನ್ನ ಗಂಡ ಆರು ವರ್ಷ ಮಾಳಿಗೆಯ ಮೇಲೆ ಗಾಳಿಗೆ ಗುದ್ದಿ ಕರಾಟೆ ಕಲಿತರು. ಹಗಲು ಇಳಕಲ್ಲಿನಲ್ಲಿ ಪವರ್‌ಲೂಮ್ ರಿಪೇರಿ, ಸಂಜೆ ಗಾಳಿಯ ಜೊತೆ ಯುದ್ಧ. ನಾನು ಒಣಹಾಕಿದ ಹಪ್ಪಳವನ್ನು ಎರಡು ಸಲ ತುಳಿದಿದ್ದಾರೆ, ಅದನ್ನು ನಾನಿನ್ನೂ ಮರೆತಿಲ್ಲ. ಕಳೆದ ಭಾನುವಾರ ಬಾಗಲಕೋಟೆಯಲ್ಲಿ ಪರೀಕ್ಷೆ ಪಾಸಾಗಿ ಕರಿ ಪಟ್ಟಿ ಸಿಕ್ಕಿತು. ಸೊಂಟಕ್ಕೆ ಕಟ್ಟುವ ಆ ಪಟ್ಟಿಯ ತುದಿಗೆ ಹಳದಿ ದಾರದಲ್ಲಿ ಇವರ ಹೆಸರು ಹೊಲಿದಿದ್ದರು. ನಲವತ್ತೊಂದರ ಗಂಡಸು ಅದನ್ನು ಸವರಿ ಸವರಿ ನೋಡುವಾಗ ನನಗೆ ನಗುವೂ ಬಂತು, ಖುಷಿಯೂ ಆಯಿತು.

ಊರಿಗೆ ಮರಳಲು ಇಬ್ಬರೂ ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಇಳಕಲ್ ಬಸ್ಸು ಬಂದದ್ದೇ ಜನ ಮುಗಿಬಿದ್ದರು. ಕಿಟಕಿಯಿಂದ ಟವೆಲ್ ಎಸೆದರೆ ಸೀಟು ನಮ್ಮದು, ಅದು ನಮ್ಮ ಕಡೆಯ ಕಾನೂನು. ಇವರ ಹತ್ತಿರ ಟವೆಲ್ ಇರಲಿಲ್ಲ. ಕೈಯಲ್ಲಿದ್ದದ್ದನ್ನು ಎಸೆದುಬಿಟ್ಟರು. ಎಸೆದದ್ದು ಕರಿ ಪಟ್ಟಿ ಎಂಬುದು ಎಸೆದ ಮೇಲೆ ಇವರಿಗೆ ಹೊಳೆಯಿತು.

ನಾವು ಒಳಗೆ ನುಗ್ಗುವಷ್ಟರಲ್ಲಿ ಆ ಸೀಟಿನಲ್ಲಿ ಬಾಗಿಲಿನಷ್ಟು ಅಗಲದ ಒಬ್ಬ ಕೂತಿದ್ದ. ಹೆಸರು ಹುಚ್ಚಪ್ಪ ಅಂತ ಆಮೇಲೆ ಗೊತ್ತಾಯಿತು. ಕಾಲ ಬಳಿ ಉಳ್ಳಾಗಡ್ಡಿ ಚೀಲ, ಕೈಯಲ್ಲಿ ನಮ್ಮ ಪಟ್ಟಿ.

"ಯಾರದ್ರಿ ಈ ಕರಾಟಿ ಪಟ್ಟಿ? ಸೀಟ ಬೇಕಂದ್ರ ಬರ್ರಿ, ಗುದ್ದಿ ಎಬ್ಬಸ್ರಿ," ಎಂದು ಬಸ್ಸಿಗೆಲ್ಲ ಕೇಳುವಂತೆ ಒದರಿದ.

ಬಸ್ಸಿಗೆ ಬಸ್ಸೇ ತಿರುಗಿತು. ಜಗಳ ನೋಡುವ ಆಸೆಗೆ ಒಬ್ಬಾಕೆ ಅಳುವ ಕೂಸಿನ ಬಾಯಿಗೆ ಬಿಸ್ಕಿಟ್ ತುರುಕಿದಳು. ನಾನು ಇವರ ಮುಖ ನೋಡಿದೆ. ಇವರು ಬಸ್ಸಿನ ಛಾವಣಿ ನೋಡುತ್ತಿದ್ದರು.

"ನಂದಲ್ರಿ," ಅಂದರು.

"ಯಾರದೂ ಅಲ್ಲಂದ್ರ ನನ್ನ ಚೀಲಕ್ಕ ಆತು," ಎಂದು ಹುಚ್ಚಪ್ಪ ಆ ಪಟ್ಟಿಯಿಂದ ಉಳ್ಳಾಗಡ್ಡಿ ಚೀಲದ ಬಾಯಿ ಬಿಗಿದ. ಆರು ವರ್ಷದ ಬೆವರು, ನನ್ನ ಎರಡು ಸಲದ ಹಪ್ಪಳ, ಎಲ್ಲ ಹೋಗಿ ಚೀಲದ ಕೊರಳಿಗೆ ಸುತ್ತಿಕೊಂಡವು. ನನಗೆ ಸಿಟ್ಟು ನೆತ್ತಿಗೇರಿತು.

ಹುನಗುಂದದಲ್ಲಿ ಮುಂದೆ ಎರಡು ಸೀಟು ಖಾಲಿಯಾದವು. ಕೂತವಳೇ ಕೇಳಿದೆ, "ಅಂಜಿದ್ರಿ?"

"ಜಗಳ ತಪ್ಪಸೂದ ದೊಡ್ಡ ವಿದ್ಯಾ ಅಂತಾರ ನಮ್ಮ ಗುರುಗಳು."

"ಗುರುಗಳ್ನ ಬಿಡ್ರಿ. ನೀವು ಹೇಳ್ರಿ."

"ಅಂಜಿದೆ. ಆರು ವರ್ಷ ಗಾಳಿಗೆ ಹೊಡದೇನಿ, ತಸ್ಲೀಮಾ. ಗಾಳಿ ಒಮ್ಮೆನೂ ತಿರುಗಿ ಹೊಡದಿಲ್ಲ. ಅಂವಾ ಹೊಡೀತಿದ್ದ."

"ಈಗರೆ ಪಟ್ಟಿ ಕೇಳ್ರಿ."

"ನಂದಲ್ಲ ಅಂದ ಬಾಯಿಲೆ ನಂದು ಅಂತ ಹೆಂಗ ಅನ್ನಲಿ?"

ನನ್ನ ಸಿಟ್ಟು ಅಲ್ಲೇ ಕರಗಿತು. ಇಳಕಲ್ಲಿನಲ್ಲಿ ಹುಚ್ಚಪ್ಪ ಚೀಲ ಹೆಗಲಿಗೇರಿಸಿ ಇಳಿದಾಗ ನಾನೇ ಬೆನ್ನು ಹತ್ತಿದೆ.

"ಅಣ್ಣಾರ, ಆ ಪಟ್ಟಿ ನಮ್ಮ ಮನಿಯವರದು."

"ಅವರ ನಂದಲ್ಲ ಅಂದ್ರಲ್ಲವಾ ತಂಗಿ. ಇದರ ಮ್ಯಾಲ ಹೆಸರ ಐತಿ. ಏನಂತ ಐತಿ ಹೇಳು, ಕೊಡ್ತೇನಿ."

ಸಿಕ್ಕಿಬಿದ್ದೆ. ನಮ್ಮ ಮನೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾದ ಹದಿನೈದು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ. ಮಗಳ ಹೆಸರು ಹಿಡಿದು ಫರಹಾನಾನ ಅಬ್ಬಾ ಅನ್ನುತ್ತೇನೆ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಸರಿಸುತ್ತೇನೆ. ಅಷ್ಟೇಕೆ, ರೋಜಾ ಇರುವ ತಿಂಗಳನ್ನೂ ನಾನು ಉಪವಾಸದ ತಿಂಗಳು ಅಂತಲೇ ಕರೆಯುವುದು. ಹಿಂದೆ ತಿರುಗಿದೆ. ಇವರು ತಮ್ಮ ಚಪ್ಪಲಿ ನೋಡುತ್ತ ನಿಂತಿದ್ದರು.

"ರಮಜಾನ," ಅಂದೆ. ಬಸ್ ಸ್ಟ್ಯಾಂಡಿಗೆಲ್ಲ ಕೇಳುವಷ್ಟು ಜೋರಾಗಿ ಅಂದೆ.

"ಓ," ಎಂದು ಹಿಂದಿನಿಂದ ಇವರು ಓಗೊಟ್ಟರು.

ಹುಚ್ಚಪ್ಪ ನಗುತ್ತ ಚೀಲ ಇಳಿಸಿ ಗಂಟು ಬಿಚ್ಚಿದ. "ಮೊದಲ ಹೇಳಬಾರದೇನ್ರಿ? ಕರಿ ಪಟ್ಟಿ ನೋಡಿ ನನಗ ಎದಿ ಡವಡವ ಅನ್ನಾಕತ್ತಿತ್ತು. ಪಟ್ಟಿ ಒಗದಾಂವ ಗುದ್ದೂಕ್ಕಿಂತ ಮೊದಲ ಒದರಿಬಿಡೂಣು ಅಂತ ಒದರಿದೆ."

ಉಳ್ಳಾಗಡ್ಡಿ ನೆಲದ ತುಂಬ ಉರುಳಿದವು. ಮೂವರೂ ಕೂತು ಆರಿಸಿದೆವು.

ಮನೆಯ ಹಾದಿಯಲ್ಲಿ ಪಟ್ಟಿ ಘಮ್ಮನೆ ಉಳ್ಳಾಗಡ್ಡಿ ನಾರುತ್ತಿತ್ತು. ಇವರಿಗೆ ಅದರ ಕಡೆ ಲಕ್ಷ್ಯವೇ ಇಲ್ಲ, ನನ್ನನ್ನೇ ನೋಡುತ್ತ ನಡೆದಿದ್ದರು.

"ಇನ್ನೊಮ್ಮೆ ಹೆಸರ ಹಿಡದ ಕರಿ."

"ಇನ್ನೊಮ್ಮೆ ಪಟ್ಟಿ ಕಳಕೊಳ್ರಿ, ಕರೀತೇನಿ," ಅಂದೆ.