ನೀಲಿ ಕಂಬ, ಕಿತ್ತಳೆ ಕಂಬ

ನೀಲಿ ಕಂಬ ಪರದೆಯ ಮೇಲೆ ಏರುತ್ತಿದೆ, ಇನ್ನೂ ಏರುತ್ತಿದೆ, ಪಕ್ಕದ ಕಿತ್ತಳೆ ಕಂಬ ಮೊಣಕಾಲುದ್ದಕ್ಕೇ ನಿಂತುಬಿಟ್ಟಿದೆ, ಯಾರದೋ ತಲೆಯ ನೆರಳು ಎರಡಕ್ಕೂ ಅಡ್ಡ ಹಾದುಹೋಯಿತು, ಹಿಂದಿನ ಸಾಲುಗಳ ಕಡೆಯಿಂದ ಕಾಫಿ ಬೀಜ ಹುರಿಯುವ ಹೊಗೆ, ಕುರ್ಚಿಯ ಕಬ್ಬಿಣ ಬೆನ್ನಿಗೆ ಒತ್ತುತ್ತಿದೆ, ಮುಲುನೆಶ್‌ಗೆ ಕೂರಲಾಗುತ್ತಿಲ್ಲ — ನೀಲಿ ಅಂದ್ರೆ ನಾವು, ಇಥಿಯೋಪಿಯಾದವ್ರು, ಕಿತ್ತಳೆ ಅಂದ್ರೆ ಗ್ವಾಟೆಮಾಲಾದವ್ರು, ಇದೇ ಮೇರಿಲ್ಯಾಂಡಿಗೆ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಬಂದವ್ರು, ಯಾರಿಗೆ ಸ್ವಂತ ಮನೆ ಆಗಿದೆ ನೋಡಿ, ಎಂದು ಸೋಸಿನಾ ವೇದಿಕೆಯ ಮೇಲಿಂದ ಹೇಳುತ್ತಿದ್ದಾಳೆ, ಮುಲುನೆಶ್‌ಳ ಒಬ್ಬಳೇ ಮಗಳು ಸೋಸಿನಾ, ಬೆಳಗ್ಗೆ ತಾಯಿಯೇ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿಯಲ್ಲಿ, ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ತಲೆ ಬಗ್ಗಿಸಿ ಬರೆದದ್ದನ್ನೆಲ್ಲ ಚರ್ಚಿನ ಕೆಳಗಿನ ಈ ಸಭಾಂಗಣದಲ್ಲಿ ತನ್ನ ಜನಕ್ಕೆ ಬಿಡಿಸಿ ಹೇಳುತ್ತ, ಹೆತ್ತವಳ ಎದೆ ಹಿಗ್ಗಬೇಕು, ಹಿಗ್ಗುತ್ತಲೂ ಇದೆ, ಆದರೆ ಆ ಹಿಗ್ಗಿನೊಳಗೇ ಇರುವೆ ಬಿಟ್ಟ ಹಾಗಿದೆ, ಯಾಕೆಂದರೆ ಬಲಪಕ್ಕದ ಕುರ್ಚಿಯಲ್ಲಿ ಪೆತ್ರೋನಾ ಕೂತಿದ್ದಾಳೆ, ಗ್ವಾಟೆಮಾಲಾದ ಪೆತ್ರೋನಾ, ತನ್ನ ಬೆಟ್ಟದೂರಿನ ಕೈಮಗ್ಗದ ಕೆಂಪು ಕುಪ್ಪಸ ತೊಟ್ಟು, ಬಿಳಿ ಶಾಲು ಹೊದ್ದ ಹೆಂಗಸರ ಸಾಲಿನಲ್ಲಿ ಒಂದೇ ಒಂದು ಕೆಂಡದ ಹಾಗೆ, ಕಣ್ಣು ಪರದೆಯ ಮೇಲಲ್ಲ, ಕಂಬಗಳ ಮೇಲಲ್ಲ, ಸೋಸಿನಾಳ ಮುಖದ ಮೇಲೆ, ಹುಡುಗಿ ಸೊರಗಿದಾಳೆ ಕಣೇ, ಊಟ ಸರಿಯಾಗಿ ಮಾಡ್ತಾಳೋ ಇಲ್ವೋ, ಎಂದು ಮುಲುನೆಶ್‌ಳ ಕಿವಿಯಲ್ಲಿ ಪಿಸುಗುಟ್ಟಿದಳು, ಇಬ್ಬರಿಗೂ ಸೇರಿದ ಆ ಮುರುಕು ಇಂಗ್ಲಿಷಿನಲ್ಲಿ.

ಪೆತ್ರೋನಾಳನ್ನು ಕರೆದುಕೊಂಡು ಬರಬಾರದಿತ್ತು, ಆದರೆ ಬರದೆ ಹೇಗಿದ್ದಾಳು, ಅವಳೇ ಕೇಳಿದ್ದಲ್ಲವೆ, ಮಂಗಳವಾರ ನಾನು ಊರಿಗೆ ಹೊರಡ್ತೀನಿ, ಕಾಗದ ಇಲ್ಲದವಳು, ಮತ್ತೆ ಈ ನೆಲ ತುಳಿಯೋಕೆ ಬಿಡಲ್ಲ ನನ್ನ, ಅದಕ್ಕೆ ಮುಂಚೆ ನಮ್ಮ ಹುಡುಗಿ ಮೈಕ್ ಮುಂದೆ ಮಾತಾಡೋದು ಒಂದ್ಸಲ ನೋಡ್ಬೇಕು — ನಮ್ಮ ಹುಡುಗಿ ಎಂದಳು, ನಿನ್ನ ಮಗಳು ಎನ್ನಲಿಲ್ಲ, ಯಾವತ್ತೂ ಅಂದವಳಲ್ಲ. ಕಳೆದ ಚಳಿಗಾಲದಲ್ಲಿ ಅವಳ ಮಗ ವಿಲ್ಮರ್ ಕೆಲಸಕ್ಕೆ ಹೊರಟಿದ್ದಾಗ ದಾರಿಯಲ್ಲೇ ಹಿಡಿದು ಗಡೀಪಾರು ಮಾಡಿದರು, ಎರಡು ವರ್ಷದ ಕೂಸಾಗಿ ಬಿಟ್ಟುಬಂದ ಊರಿಗೆ ಹೊಟ್ಟೆ ಬಂದ ಗಂಡಸಾಗಿ ಹೋಗಿ ಇಳಿದ, ಅಲ್ಲಿನ ಭಾಷೆ ತೊದಲುತ್ತಾನೆ, ದಾರಿ ಗೊತ್ತಿಲ್ಲ, ಅಜ್ಜಿಯ ಗುಡಿಸಿಲಲ್ಲಿ ಕೂತು ಫೋನಿನಲ್ಲಿ ಅಳುತ್ತಾನಂತೆ, ಅಮ್ಮಾ ಇಲ್ಲಿ ನನ್ನನ್ನ ಎಲ್ರೂ ಅಮೆರಿಕದವ್ನು ಅಂತಾರೆ, ಅದಕ್ಕೇ ಪೆತ್ರೋನಾ ಹೊರಟಿದ್ದು, ಮಗನಿಗೆ ಅವನ ಊರನ್ನು ತೋರಿಸಿಕೊಡಲು — ಪರದೆಯ ಮೇಲೆ ಮತ್ತೊಂದು ಚಿತ್ರ ಬಂತು, ಈ ಸಲ ಕಾಲೇಜು ಮುಗಿಸಿದವರು, ನೀಲಿ ಮತ್ತೆ ಮೇಲಕ್ಕೆ, ಕಿತ್ತಳೆ ಈ ಸಲ ಪಾದದಷ್ಟೇ, ಹಿಂದೆ ಯಾರೋ ಮೆಚ್ಚಿ ಲೊಚಗುಟ್ಟಿದರು, ಆ ಪಾದದಷ್ಟು ಕಂಬದಲ್ಲಿ ವಿಲ್ಮರ್ ಇಲ್ಲ ಎಂದು ಮುಲುನೆಶ್‌ಗೆ ಗೊತ್ತು, ಅಡುಗೆಮನೆಯ ನೆಲದಲ್ಲಿ ಸೋಸಿನಾಳನ್ನು ಕೂರಿಸಿಕೊಂಡು ರೊಟ್ಟಿ ಹರಿದು ಹರಿದು ಭಿನ್ನರಾಶಿ ಕಲಿಸಿದವನು ಅವನು, ಇದು ಅರ್ಧ, ಇದು ಕಾಲು, ಕಾಲನ್ನ ತಿಂದುಬಿಟ್ರೆ ಎಷ್ಟು ಉಳೀತು ಹೇಳೇ ಕೋತಿ, ಮೇಷ್ಟರಿಗಿಂತ ಚೆನ್ನಾಗಿ ಹೇಳಿಕೊಡುತ್ತಿದ್ದ, ಆಮೇಲೆ ಹದಿನಾರಕ್ಕೆ ಪುಸ್ತಕ ಮಡಿಸಿಟ್ಟು ಮನೆಗಳ ಮಾಡಿಗೆ ಹಂಚು ಹೊದಿಸಲು ಏಣಿ ಹತ್ತಿದ, ಯಾಕೋ ಮಗಾ ಎಂದರೆ, ಕಾಲೇಜಿನವ್ರು ನೀನು ಯಾರು, ಕಾಗದ ಎಲ್ಲಿ ಅಂತ ಕೇಳ್ತಾರೆ ಆಂಟಿ, ನಾನು ಏನಂತ ಹೇಳ್ಲಿ.

ಅಂಗಾಲು ತುರಿಸುತ್ತಿದೆ, ಎದ್ದು ಹೊರಗೆ ಹೋಗಿ ಗಾಳಿ ಕುಡಿದು ಬರಬೇಕು, ಆದರೆ ಮುಂದಿನ ಸಾಲಿನಲ್ಲಿ ಕೂರಿಸಿದ್ದಾರೆ, ಉಪನ್ಯಾಸಕಿಯ ತಾಯಿ ಎಂದು, ಎದ್ದರೆ ಎಲ್ಲರಿಗೂ ಕಾಣುತ್ತದೆ — ಹಿಂದೆ ಇಬ್ಬರೂ ಬಾಡಿಗೆಗಿದ್ದ ಆ ಇಟ್ಟಿಗೆ ಕಟ್ಟಡದಲ್ಲಿ ಮುಲುನೆಶ್ ಮೇಲಿನ ಮಹಡಿ, ಪೆತ್ರೋನಾ ನೆಲಮಾಳಿಗೆ, ಸೋಸಿನಾಳ ಅಪ್ಪ ಲಾರಿ ಹತ್ತಿ ಟೆಕ್ಸಾಸಿಗೆ ಹೋದವನು ಅಲ್ಲೇ ಇನ್ನೊಬ್ಬಳ ಮನೆಯಲ್ಲಿ ಉಳಿದ ವರ್ಷ, ಮಗು ರಚ್ಚೆ ಹಿಡಿದು ಅಳುತ್ತಿತ್ತು, ಬಾಗಿಲು ತಟ್ಟಿದ ಸದ್ದು, ತೆರೆದರೆ ಕುಳ್ಳಗಿನ ಹೆಂಗಸು, ನೆಲಮಾಳಿಗೆಯ ಪೆತ್ರೋನಾ, ಕೈ ಚಾಚಿದಳು, ಮಗುವನ್ನು ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು, ಇಥಿಯೋಪಿಯಾದ ಗೊಂದರ್‌ನಲ್ಲಿ ಅವ್ವ ಕಟ್ಟಿಕೊಳ್ಳುತ್ತಿದ್ದ ಹಾಗೆಯೇ, ಗಂಟು ಮಾತ್ರ ಬೇರೆ ಕಡೆ, ಮಗು ಸುಮ್ಮನಾಯಿತು, ತಾಯಿ ಅಳಲು ಶುರು ಮಾಡಿದಳು. ಅಂದಿನಿಂದ ಮುಲುನೆಶ್ ಹಗಲು ಆಸ್ಪತ್ರೆಯ ನೆಲ ಒರೆಸಿ ಸಂಜೆ ನರ್ಸಿಂಗ್ ಓದಲು ಹೋದಾಗಲೆಲ್ಲ ಸೋಸಿನಾ ಆ ಬೆನ್ನ ಮೇಲೆ ಬೆಳೆದಳು, ಕೂಸು ಮೊದಲ ಸಲ ಆ ಎಂದಾಗ ಬರೀ ಬಾಯಿ ತೆರೆದಿದ್ದಾಳೆ ಎಂದುಕೊಂಡಿದ್ದಳು ಮುಲುನೆಶ್, ಪೆತ್ರೋನಾ ಓಡಿಹೋಗಿ ಲೋಟದಲ್ಲಿ ನೀರು ತಂದಳು, ಅವಳ ಭಾಷೆಯಲ್ಲಿ ನೀರಿಗೆ ಹಾಗೇ ಅನ್ನುವುದಂತೆ, ಆ, ಹೆತ್ತವಳಿಗೆ ಅರ್ಥವಾಗದ ಮಗಳ ಮೊದಲ ಮಾತು, ಆಗ ಹೊಟ್ಟೆಕಿಚ್ಚಾಗಿತ್ತು, ಹೌದು, ಆಗಿತ್ತು, ನೀನು ಓದಿಕೋ ಹೋಗೇ, ನಾನು ಓದಿದ್ರೂ ನನಗೆ ಕೆಲಸ ಯಾರು ಕೊಡ್ತಾರೆ, ನಿನಗಾದ್ರೆ ಕೊಡ್ತಾರೆ ಎಂದು ಪೆತ್ರೋನಾ ಬಾಗಿಲ ತನಕ ದಬ್ಬಿ ಕಳಿಸುತ್ತಿದ್ದಳು, ಮುಲುನೆಶ್ ಓದಿದಳು, ಬಿಳಿ ಸಮವಸ್ತ್ರ ಬಂತು, ಮನೆ ಬಂತು, ಮನೆಯ ಮುಂದೆ ಒಂದು ಹಿಡಿ ಹುಲ್ಲು ಬಂತು, ನೀಲಿ ಕಂಬಕ್ಕೆ ತನ್ನದೂ ಒಂದು ಇಟ್ಟಿಗೆ ಸೇರಿತು, ಪೆತ್ರೋನಾ ಅದೇ ನೆಲಮಾಳಿಗೆಯಲ್ಲಿ ಉಳಿದಳು.

ನಡೆದದ್ದು ಇಬ್ಬರೂ ತಾನೆ, ಅದೇ ಕೊರೆಯುತ್ತದೆ, ಮುಲುನೆಶ್‌ಳ ಅಣ್ಣ ಯಾರೆದ್‌ನನ್ನು ಸರ್ಕಾರದ ಸೈನಿಕರು ಕೊಂದು ಬೀದಿಯಲ್ಲಿ ಬಿಸಾಡಿದರು, ಹೆಣ ಮುಟ್ಟಿದರೆ ನಿಮಗೂ ಅದೇ ಗತಿ ಎಂದರು, ಪೆತ್ರೋನಾಳ ಅಣ್ಣನನ್ನು ಅವಳ ಸರ್ಕಾರದ ಸೈನಿಕರು ಜೋಳದ ಹೊಲದಲ್ಲಿ ಕೊಂದರು, ಹೊಲಕ್ಕೂ ಬೆಂಕಿ ಇಟ್ಟರು, ಇವಳು ಸುಡಾನಿನ ಕಡೆ ನಡೆದಳು, ಅವಳು ಮೆಕ್ಸಿಕೊ ದಾಟಿ ನಡೆದಳು, ಇಬ್ಬರ ಅಂಗಾಲಲ್ಲೂ ಮುಳ್ಳು, ಇಬ್ಬರ ನಾಲಿಗೆಯೂ ಒಣಗಿ ಮರದ ತೊಗಟೆ, ಇವಳ ನಡಿಗೆಯ ಕೊನೆಗೆ ಒಂದು ಡೇರೆ ಇತ್ತು, ಡೇರೆಯಲ್ಲಿ ಟೋಪಿ ಹಾಕಿದವನೊಬ್ಬ ನಿನ್ನ ಹೆಸರೇನಮ್ಮ ಎಂದು ಕೇಳಿದ, ಹೇಳಿದಳು, ಅಷ್ಟೇ, ಹೆಸರು ಹೇಳಿದ್ದಕ್ಕೆ ವಿಮಾನ ಬಂತು, ಇಳಿದ ಕಡೆ ಚರ್ಚಿನವರು ಉಣ್ಣೆಯ ಕೋಟು ಹಿಡಿದು ಕಾದಿದ್ದರು, ಅವಳ ನಡಿಗೆಯ ಕೊನೆಗೆ ಒಬ್ಬ ನ್ಯಾಯಾಧೀಶ ಕೂತಿದ್ದ, ನೀನು ಬಡತನಕ್ಕೆ ಬಂದವಳು, ಭಯಕ್ಕಲ್ಲ ಎಂದುಬಿಟ್ಟ, ಕೆಲವು ವರ್ಷಗಳ ಮೇಲೆ ಗ್ವಾಟೆಮಾಲಾದವರು ಬಂದು ಹೆಸರು ಕೊಟ್ಟರೆ ಅರ್ಜಿ ಮತ್ತೆ ನೋಡೋಣ ಎಂದು ಇಲ್ಲಿನ ಸರ್ಕಾರ ಕರೆಯಿತಂತೆ, ಹೋಗೇ, ನಾನೂ ಜೊತೆಗೆ ಬರ್ತೀನಿ ಎಂದು ಮುಲುನೆಶ್ ಎಷ್ಟು ಗೋಗರೆದಳು, ಪೆತ್ರೋನಾ ಒಲೆಯ ಮುಂದಿನಿಂದ ಏಳಲೇ ಇಲ್ಲ, ನಮ್ಮೂರಲ್ಲೂ ಹೀಗೇ ಕರೆದ್ರು ಕಣೇ, ಹೆಸರು ಬರೆಸಿ ಅಂತ, ಬರೆಸಿದವ್ರ ಮನೆ ಹುಡುಕಿಕೊಂಡು ಬಂದ್ರು — ಒಂದೇ ಪ್ರಶ್ನೆ, ನಿನ್ನ ಹೆಸರೇನು, ಒಬ್ಬಳಿಗೆ ಬಾಗಿಲು, ಇನ್ನೊಬ್ಬಳಿಗೆ ಬಂದೂಕು, ಯಾರೆದ್‌ನನ್ನು ಕೊಂದವರು ಈ ದೇಶಕ್ಕೆ ಶತ್ರುಗಳಾಗಿದ್ದರು, ಪೆತ್ರೋನಾಳ ಅಣ್ಣನನ್ನು ಕೊಂದವರು ಈ ದೇಶಕ್ಕೆ ಗೆಳೆಯರಾಗಿದ್ದರು, ಇಷ್ಟು ಸಣ್ಣ ಸಂಗತಿ ಹೊಳೆಯಲು ಮುಲುನೆಶ್‌ಗೆ ಅರ್ಧ ಆಯಸ್ಸು ಬೇಕಾಯಿತು, ಹೊಳೆದ ಮೇಲೂ ಯಾರಿಗೆ ಹೇಳುವುದು, ಎಲ್ಲಿ ಹೇಳುವುದು.

ಸೋಸಿನಾ ಹೇಳುತ್ತಿದ್ದಾಳೆ, ಹೌದು, ಅದನ್ನೇ ಹೇಳಲು ಬಂದಿದ್ದಾಳೆ, ಕಾರಣ ಬುದ್ಧಿ ಅಲ್ಲ, ಶ್ರಮ ಅಲ್ಲ, ಬಂದಾಗ ಯಾರಿಗೆ ಯಾವ ಬಾಗಿಲು ತೆರೀತು ಅನ್ನೋದು, ಎಂದು ಶುರು ಮಾಡಿದಳು, ಆದರೆ ಕಂಬಗಳಿಗೆ ಹೊತ್ತು ಹೆಚ್ಚಾಗಿ ಕಾರಣಕ್ಕೆ ಹೊತ್ತಿಲ್ಲ, ಸಂಘದ ಅಧ್ಯಕ್ಷ ಶಿಫೆರಾವ್ ಗಡಿಯಾರ ತಟ್ಟಿ ತೋರಿಸಿದ, ಕಾಫಿ ಆಗಿದೆ ಎಂದು ಹಿಂದಿನಿಂದ ಯಾರೋ ಕೂಗಿದರು, ಹುಡುಗಿ ಗಡಿಬಿಡಿಯಲ್ಲಿ ಉಳಿದ ಚಿತ್ರಗಳನ್ನು ಹಾರಿಸಿ ಮುಗಿಸಿದಳು, ಚಪ್ಪಾಳೆ, ಪೆತ್ರೋನಾಳದು ಎಲ್ಲರಿಗಿಂತ ಜೋರು, ಅಂಗೈ ಕೆಂಪಾಗುವಂತೆ — ಸಾಕು, ಈಗ ಮುಗಿಯಲಿ, ಪೆತ್ರೋನಾಳನ್ನು ಎಬ್ಬಿಸಿಕೊಂಡು ಹೊರಟುಬಿಡೋಣ, ಆದರೆ ಶಿಫೆರಾವ್ ಮೈಕ್ ಹಿಡಿದಾಗಿದೆ, ಕೆಟ್ಟವನಲ್ಲ ಅವನು, ಅವ್ವ ಊರಲ್ಲಿ ತೀರಿಕೊಂಡ ಸುದ್ದಿ ಬಂದಾಗ ಮುಲುನೆಶ್‌ಳ ಮನೆಯಲ್ಲೇ ನೆಲದ ಮೇಲೆ ಕೂತು ಜೊತೆಗೆ ಅತ್ತವನು, ಈಗ ಇಂಗ್ಲಿಷ್ ಬಿಟ್ಟು ತಮ್ಮ ಭಾಷೆ ಅಮ್ಹಾರಿಕ್‌ನಲ್ಲಿ ಹೇಳುತ್ತಿದ್ದಾನೆ, ನಮ್ಮ ಮಗಳು ನಮ್ಮ ಕಣ್ಣು ತೆರೆಸಿದಳು, ನಾವು ಸಾವಿರಾರು ವರ್ಷದ ಜನ, ನಮಗೆ ನಮ್ಮದೇ ಅಕ್ಷರ ಇದೆ, ನಾವು ಟ್ಯಾಕ್ಸಿ ಓಡಿಸಿ ಮಕ್ಕಳನ್ನ ಡಾಕ್ಟರ್ ಮಾಡಿದ್ವಿ, ಆ ಜನ ನೋಡಿ, ಇಷ್ಟು ವರ್ಷ ಆದ್ರೂ ರಸ್ತೆ ಮೂಲೆಯಲ್ಲಿ ಕೂಲಿಗೆ ನಿಂತಿರ್ತಾರೆ, ಯಾಕೆ, ಸೆನೆಫ್, ಅದಕ್ಕೆ — ಸೆನೆಫ್ ಎಂದೇ ಅಂದ, ಸೋಮಾರಿಗಳು ಎಂದು, ಜನ ನಕ್ಕರು, ಜೋರಾಗಿ ಅಲ್ಲ, ಊಟದ ಮನೆಯಲ್ಲಿ ನಗುವ ಹಾಗೆ ಹಗುರವಾಗಿ, ವೇದಿಕೆಯ ಮೇಲೆ ಸೋಸಿನಾಳ ಮುಖ ಸುಣ್ಣ, ಅವಳು ಬಾಯಿ ತೆರೆದಳು, ಹಿರಿಯರ ಮಾತಿಗೆ ಅಡ್ಡ ಬರುವುದು ಹೇಗೆ ಎಂದು ಮುಚ್ಚಿದಳು, ಮುಲುನೆಶ್ ಏಳಬೇಕು, ಈಗಲೇ, ಎದ್ದು ಹಾಗಲ್ಲ ಅನ್ನಬೇಕು, ಪೆತ್ರೋನಾ ತೋಳು ಹಿಡಿದು ಜಗ್ಗುತ್ತಿದ್ದಾಳೆ, ಏನಂತೆ, ಏನಂದ್ರು ಅವ್ರು, ಎಲ್ರೂ ನಗ್ತಿದಾರಲ್ಲ. ಮುಲುನೆಶ್‌ಳ ಬಾಯಿಂದ ಮಾತು ತಾನಾಗಿ ಜಾರಿತು, ಈ ಹುಡುಗಿ ಇಷ್ಟು ಎತ್ತರ ಬೆಳೆಯೋಕೆ ಗ್ವಾಟೆಮಾಲಾದ ಒಬ್ಬ ತಾಯಿ ಕಾರಣ ಅಂತಿದಾರೆ, ಅವಳೇ ಸಾಕಿದ್ದು, ಅವಳಿಗೆ ನಾವೆಲ್ಲ ಋಣಿ ಅಂತ.

ಪೆತ್ರೋನಾ ಅವಳ ಮುಖ ನೋಡಿದಳು, ಆಮೇಲೆ ಎದ್ದಳು. ಬೇಡ, ಬೇಡ ಕಣೇ, ಕೂತ್ಕೋ, ಎಂದು ಮುಲುನೆಶ್ ಅಂದಳೋ ಅಂದುಕೊಂಡಳೋ, ಪೆತ್ರೋನಾ ಎದ್ದು ಸಭೆಯ ಕಡೆ ತಿರುಗಿದಳು, ಎದೆಯ ಮೇಲೆ ಬಲಗೈ ಇಟ್ಟುಕೊಂಡಳು, ತಲೆ ಬಾಗಿಸಿದಳು, ಹಿಂದಿನ ಸಾಲಿಗೆ ಒಮ್ಮೆ, ಎಡಕ್ಕೆ ಒಮ್ಮೆ, ವೇದಿಕೆಗೆ ಒಮ್ಮೆ, ನಗು ಅಲ್ಲಲ್ಲೇ ನಿಂತುಹೋಯಿತು, ಯಾರಿವಳು, ಯಾಕೆ ನಿಂತಳು ಎಂದು ಪಿಸುಮಾತು, ಶಿಫೆರಾವ್ ಮೈಕ್ ಕೆಳಗಿಳಿಸಿದ, ಅವನ ಕಣ್ಣು ಕುಪ್ಪಸದ ಮೇಲೆ, ಅರ್ಥವಾದಾಗ ಅವನ ಕಿವಿ ಕಪ್ಪಾದದ್ದು ಕಾಣಿಸಿತು, ಸೋಸಿನಾ ಮೆಟ್ಟಿಲು ಬಿಟ್ಟು ವೇದಿಕೆಯಿಂದ ಧುಮುಕಿ ಬಂದಳು, ಚಿಕ್ಕವಳ ಹಾಗೆ ಅವಳ ಹೆಗಲಿಗೆ ಮುಖ ಒತ್ತಿದಳು, ಪೆತಾ, ಪೆತಾ ಎಂದಳು, ಅವಳಷ್ಟೇ ಕರೆಯುವ ಹೆಸರು, ಮುಲುನೆಶ್ ಕೂತೇ ಇದ್ದಳು, ಕುರ್ಚಿಗೆ ಮೊಳೆ ಹೊಡೆದ ಹಾಗೆ, ಅವಳ ಕಣ್ಣಿನ ಮಟ್ಟಕ್ಕೆ ಆ ಕೈ, ಕೆಂಪು ಕುಪ್ಪಸದ ಮೇಲೆ, ಸೋಪಿನ ನೀರಿಗೆ ಬಿರುಕುಬಿಟ್ಟ ಬೆರಳು.

ಈಗ ಕಾರು, ಈಗ ರಸ್ತೆ, ಸೋಸಿನಾ ಅಲ್ಲೇ ಉಳಿದಳು, ನಾನು ಅವ್ರಿಗೆ ಉಳಿದದ್ದನ್ನ ಹೇಳ್ದೇ ಬರಲ್ಲ ಅಮ್ಮ, ಕಾಫಿ ಆರಿದ್ರೆ ಆರ್ಲಿ ಎಂದಳು, ಮುಲುನೆಶ್ ಗೇರು ಬದಲಿಸುವುದನ್ನು ಎರಡು ಸಲ ತಪ್ಪಿದಳು, ಪೆಟ್ರೋಲ್ ಬಂಕು, ಕೋಳಿ ಹುರಿಯುವ ಅಂಗಡಿ, ಮೂಲೆಯಲ್ಲಿ ಕೂಲಿಗೆ ಕಾಯುವ ಗಂಡಸರು, ಪಕ್ಕದಲ್ಲಿ ಪೆತ್ರೋನಾ ಕಿಟಕಿಯ ಆಚೆ ನೋಡುತ್ತಿದ್ದಾಳೆ, ಏನಾದರೂ ಮಾತಾಡಬೇಕು, ಪೆಟ್ಟಿಗೆ ಕಟ್ಟಿ ಆಯ್ತಾ, ವಿಲ್ಮರ್‌ಗೆ ಚಳಿ ಅಂಗಿ ತಗೊಂಡ್ಯಾ, ಎಂದು ಕೇಳಬೇಕು, ಅಷ್ಟರಲ್ಲಿ ಪೆತ್ರೋನಾಳೇ ಶುರು ಮಾಡಿದಳು, ಕಿಟಕಿಯಿಂದ ಮುಖ ತಿರುಗಿಸದೆ, ಆ ಮುದುಕ ಸೆನೆಫ್ ಅಂದ. ಕಾರು ಒಂದಿಷ್ಟು ಪಕ್ಕಕ್ಕೆ ಎಳೆಯಿತು. ಆ ಪದ ನನಗೆ ಬರುತ್ತೆ ಕಣೇ, ಸೋಸಿನಾ ಸ್ಕೂಲಿಗೆ ಏಳದೇ ಇದ್ದಾಗ ನೀನು ದಿನಾ ಬೈತಿದ್ದೆ, ಸೆನೆಫ್, ಸೆನೆಫ್, ಏಳೇ ಅಂತ, ಕೇಳಿ ಕೇಳಿ ನಾನೂ ವಿಲ್ಮರ್‌ಗೆ ಅದನ್ನೇ ಬೈತಿದ್ದೆ. ಹಾಗಾದರೆ ಗೊತ್ತಿತ್ತು, ಎಲ್ಲ ಗೊತ್ತಿದ್ದೇ ಎದ್ದಳು, ಮತ್ಯಾಕೆ ಎದ್ದೆ, ಎಂದು ಕೇಳಿದ ದನಿ ಮುಲುನೆಶ್‌ಗೆ ತನ್ನದೆನ್ನಿಸಲಿಲ್ಲ. ಅವನು ಹೇಳಿದ್ದಕ್ಕೆ ಎದ್ದೆ ಅಂದ್ಕೊಂಡ್ಯಾ, ನೀನು ಹೇಳಿದ್ದಕ್ಕೆ ಎದ್ದೆ, ಎಂದಳು ಪೆತ್ರೋನಾ, ಇಷ್ಟು ವರ್ಷ ಆದ್ಮೇಲೆ ನಾನು ಸಾಕಿದೆ ಅನ್ನೋದು ನಿನ್ನ ಬಾಯಲ್ಲಿ ಬಂತಲ್ಲ, ಪಿಸುಮಾತಾದ್ರೂ ಆಗ್ಲಿ, ಅದಕ್ಕೆ ಎದ್ದು ನಿಲ್ಲದೇ ಇರೋಕಾಗುತ್ತಾ — ಕಾರು ನಿಂತಿದೆ, ಸಿಗ್ನಲ್ಲಿನ ದೀಪ ಹಸಿರಾಗಿದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಹೋಗೇ, ದೀಪ ಬಿತ್ತು ಎಂದು ಪೆತ್ರೋನಾ ಅನ್ನುತ್ತಿದ್ದಾಳೆ, ಮಂಗಳವಾರ, ಮಂಗಳವಾರಕ್ಕೆ ಇನ್ನೆಷ್ಟು ಹೊತ್ತಿದೆ, ಕಾಲು ಒತ್ತುತ್ತಿಲ್ಲ, ಕಣ್ಣ ಮುಂದೆ ರಸ್ತೆ ಇಲ್ಲ, ಅದೇ ಸಭಾಂಗಣವಿದೆ, ಎಲ್ಲರೂ ಕೂತಿದ್ದಾರೆ, ಮುಲುನೆಶ್ ಕೂತಿದ್ದಾಳೆ, ಅವಳ ಕಣ್ಣಿನ ಮಟ್ಟಕ್ಕೆ ಕೆಂಪು ಕುಪ್ಪಸ, ಅದರ ಮೇಲೆ ಆ ಕೈ, ಆ ಕೈ.