ಎರಡು ಇಂಚಿನ ಪಕ್ಷಪಾತ

ನಾನು ಒಂದು ಅಳತೆ ಟೇಪು. ದರ್ಜಿಯ ಕೊರಳಲ್ಲಿ ಹಾವಿನ ಹಾಗೆ ಜೋತುಬೀಳುತ್ತೇನಲ್ಲ, ಅದೇ. ಹಳದಿ ಮೈ, ಕರಿ ಅಂಕಿ, ಹುಟ್ಟಿನಿಂದ ಅರವತ್ತು ಇಂಚು. ಈಗ ಉಳಿದಿರುವುದು ಐವತ್ತೆಂಟು. ಹೋದ ಆ ಎರಡು ಇಂಚಿನಿಂದ ಹುಬ್ಬಳ್ಳಿಯಲ್ಲಿ ಎಂಥ ರಾಮಾಯಣವಾಯಿತು ಎಂದು ಹೇಳಲು ಹೊರಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ನನಗೇ ಅರ್ಥವಾಗಿಲ್ಲ. ಅಳೆಯುವುದೊಂದು ಗೊತ್ತು, ಉಳಿದದ್ದು ಮನುಷ್ಯರ ಗೊಂದಲ.

ಮುಂಬೈ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಬಟ್ಟೆಯ ಪಟ್ಟಿಗೆ ಬಣ್ಣ ಬಳಿದು, ಒಣಗಿಸಿ, ಮೈತುಂಬ ಗೆರೆ ಒತ್ತಿ, ಎರಡೂ ತುದಿಗೆ ಹಿತ್ತಾಳೆಯ ತಗಡು ಮಡಚಿದರು. ಸುರುಳಿ ಸುತ್ತಿ ಡಬ್ಬಿಯಲ್ಲಿಟ್ಟರು. ಡಬ್ಬಿ ತೆರೆದಾಗ ಹುಬ್ಬಳ್ಳಿಯ ರಂಗೋಬಾ ಮಹೇಂದ್ರಕರ ಮಾಸ್ತರರ ಮೀಸೆ ಕಂಡಿತು. ಕೋಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಸಿಟ್ಟೂ ಅಷ್ಟೇ. ಒಂದು ದಿನ ಯಾರಿಗೋ ಬೈಯುವ ಭರದಲ್ಲಿ ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ನನ್ನ ತುದಿಯ ಮೇಲೇ ಕುಕ್ಕಿದರು. ಅಯ್ಯೋ, ಆ ಉರಿ! ತಗಡು ಕಳಚಿತು, ಒಂದು, ಎರಡು ಎಂಬ ಅಂಕಿಗಳು ಕರಕಲಾದವು. ಮಾಸ್ತರರು ಎರಡರ ಗೆರೆಗೆ ಸರಿಯಾಗಿ ಕತ್ತರಿ ಹಾಕಿದರು.

"ಹೊಸಾದು ತರ್ಲೇನ್ರಿ ಮಾಸ್ತರ?" ಎಂದು ಕೇಳಿದ ಶಿಷ್ಯ ಏಕನಾಥ ಖಟಾವಕರ.

"ಯಾಕ? ಓದಿದ್ದರಾಗ ಎರಡು ಕಳದ್ರ ಮುಗೀತಲ್ಲೋ," ಎಂದರು ಮಾಸ್ತರರು.

ಅಂದಿನಿಂದ ಹಾಗೆಯೇ. ನನ್ನ ತುದಿ ಹಿಡಿದು ಅಳೆದಾಗ ಮೂವತ್ತಾರು ಕಂಡರೆ ಬರೆಯುವುದು ಮೂವತ್ತನಾಲ್ಕು. ಏಕನಾಥ ಗದಗ ರೋಡಿನಲ್ಲಿ ಸ್ವಂತ ಅಂಗಡಿ ಇಟ್ಟ ದಿನ ಮಾಸ್ತರರು ನನ್ನನ್ನು ಅವನ ಕೊರಳಿಗೆ ಹಾಕಿ ಬೆನ್ನು ತಟ್ಟಿದರು. ಹೊಸ ಟೇಪುಗಳು ಎಷ್ಟೋ ಬಂದವು. ಅವನು ಮುಟ್ಟಲಿಲ್ಲ. ಎರಡು ಕಳೆಯುವುದು ಅವನಿಗೆ ಉಸಿರಾಡಿದಷ್ಟೇ ಸಲೀಸಾಯಿತು. ತಾನು ಕಳೆಯುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಏಕನಾಥನಿಗೆ ಎರಡು ದೇವರು. ಒಂದು ಮನೆಯಲ್ಲಿದ್ದ ವಿಠೋಬ. ಇನ್ನೊಂದು ಗದಗ ರೋಡ್ ಸ್ಪೋರ್ಟಿಂಗ್ ಎಂಬ ಫುಟ್‌ಬಾಲ್ ಕ್ಲಬ್ಬು. ಭಾನುವಾರ ಬಂತೆಂದರೆ ಅಂಗಡಿಗೆ ಬೀಗ, ರೈಲ್ವೆ ಮೈದಾನದಲ್ಲಿ ಹಾಜರು. ಸ್ಪೋರ್ಟಿಂಗ್ ಹುಟ್ಟಿ ಮೂವತ್ತು ವರ್ಷವಾದರೂ ಲೀಗ್ ಕಪ್ಪು ಒಮ್ಮೆಯೂ ಕೈಗೆ ಬಂದಿರಲಿಲ್ಲ. "ನಮ್ಮವರು ಕಪ್ ಗೆದ್ದದ್ದು ಪೇಪರಿನ್ಯಾಗ ಬರಬೇಕು, ನಾ ಅದನ್ನ ಓದಬೇಕು, ಆಮ್ಯಾಲೆ ಬೇಕಾದ್ದಾಗ್ಲಿ," ಎನ್ನುತ್ತಿದ್ದ. ಪ್ರತಿ ವರ್ಷ ಕಪ್ಪು ಒಯ್ಯುತ್ತಿದ್ದವರು ಕೇಶ್ವಾಪುರ ರೇಂಜರ್ಸ್. ಅವರದು ಕೆಂಪು ಬಣ್ಣ. ಆ ಕಾರಣಕ್ಕೆ ಏಕನಾಥ ಕೆಂಪು ಅಂಗಿಯನ್ನೇ ಹೊಲಿಯುತ್ತಿರಲಿಲ್ಲ. ಗಿರಾಕಿ ಹೋದರೆ ಹೋಗಲಿ!

ಭಾನುವಾರದ ಆಟದ ಸುದ್ದಿ ಸೋಮವಾರದ 'ಬೆಳವಲ ಸುದ್ದಿ'ಯಲ್ಲಿ ಬರುತ್ತಿತ್ತು. ಬರೆಯುತ್ತಿದ್ದವರು ನೀಲಕಂಠ ಹಾದಿಮನಿ. ಪತ್ರಿಕೆಯಲ್ಲಿ ಅವರ ಕೆಲಸ ಕರಡು ತಿದ್ದುವುದು. ಫುಟ್‌ಬಾಲ್ ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಅವರೇ ಸಂಪಾದಕರ ಬೆನ್ನು ಹತ್ತಿ ಒಂದು ಅಂಕಣದ ಜಾಗ ಪಡೆದು, ಇಪ್ಪತ್ತು ವರ್ಷದಿಂದ ಛತ್ರಿ ಹಿಡಿದು ಮೈದಾನದ ಬೇವಿನ ಮರದ ಬುಡದಲ್ಲಿ ಕೂತು ಬರೆದುಕೊಳ್ಳುತ್ತಿದ್ದರು.

ಒಂದು ಸೋಮವಾರ ಏಕನಾಥ ಪೇಪರು ಹಿಡಿದು ಕೂಗಾಡತೊಡಗಿದ. ಅಂಗಡಿಯ ಪಕ್ಕದಲ್ಲೇ ಮಕ್ತುಮಸಾಬನ ಗಿರ್ಮಿಟ್-ಮಿರ್ಚಿ ಗಾಡಿ. ಅವನೂ ಸ್ಪೋರ್ಟಿಂಗ್ ಭಕ್ತನೇ. ಗಿರ್ಮಿಟ್ ಕಟ್ಟಿಕೊಡಲು ರದ್ದಿ ಪೇಪರು ತರುವುದರಿಂದ ಸುದ್ದಿಗೇನೂ ಅವನಲ್ಲಿ ಕೊರತೆಯಿಲ್ಲ.

"ನೋಡೋ ಸಾಬ! ಅವರು ಗೆದ್ರ 'ಭರ್ಜರಿ ಜಯ', ನಾವು ಗೆದ್ರ 'ಪಾರಾದ ಸ್ಪೋರ್ಟಿಂಗ್'! ಏನ್ ನಾವು ಹುಲಿ ಬಾಯಾಗಿಂದ ಪಾರಾಗಿ ಬಂದೀವೇನು? ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ! ಪಕ್ಷಪಾತ ಅಂದ್ರ ಇದ!"

ಪಕ್ಷಪಾತ. ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಎದೆ, ತೋಳು, ಸೊಂಟ ಎಲ್ಲ ಗೊತ್ತಿತ್ತು. ಇದು ಮೈಯಲ್ಲಿ ಎಲ್ಲಿರುತ್ತದೋ, ಎಲ್ಲಿಂದ ಎಲ್ಲಿಗೆ ಅಳೆಯಬೇಕೋ ತಿಳಿಯಲಿಲ್ಲ.

"ಬರೇ ಬಾಯ್ಲೆ ಒದರಿದ್ರ ಯಾರ ಕೇಳ್ತಾರ ಮಾಸ್ತರ?" ಎಂದ ಮಕ್ತುಮಸಾಬ, ಎಣ್ಣೆಯ ಕೈ ಒರೆಸಿಕೊಳ್ಳುತ್ತ. "ಲೆಕ್ಕ ತೋರಸ್ಬೇಕು. ಅವರ ಸುದ್ದಿ ಎಷ್ಟುದ್ದ, ನಮ್ಮದೆಷ್ಟುದ್ದ. ಕೊಳ್ಳಾಗ ಟೇಪ್ ಐತಲ್ಲ!"

ಹೀಗೆ ಶುರುವಾಯಿತು. ಪ್ರತಿ ಸೋಮವಾರ ಕತ್ತರಿಸುವ ಮೇಜಿನ ಮೇಲೆ ಪೇಪರು ಹಾಸುವುದು, ಅಳೆಯುವುದು, ನೋಟುಬುಕ್ಕಿನಲ್ಲಿ ಬರೆಯುವುದು. ಸ್ಪೋರ್ಟಿಂಗ್ ಸುದ್ದಿಯನ್ನು ಏಕನಾಥ ತಾನೇ ಅಳೆದ. ರೇಂಜರ್ಸ್ ಸುದ್ದಿ ಬಂದಾಗ ಮುಖ ಸಿಂಡರಿಸಿದ.

"ಅದನ್ನ ನೀನ ಅಳಿ. ಅವರ ಸುದ್ದಿಗೆ ನಾ ಕೈ ಹಚ್ಚಂಗಿಲ್ಲ."

ಹಾಗೆಂದು ನನ್ನನ್ನು ಮಕ್ತುಮಸಾಬನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಮಷಿನ್ ತುಳಿಯತೊಡಗಿದ. ಶಿವನೇ! ಸಾಬನಿಗೆ ಎರಡು ಕಳೆಯಬೇಕೆಂದು ಯಾರು ಹೇಳಿದ್ದರು? ಅವನು ನನ್ನ ಮೊಂಡು ತುದಿಯನ್ನು ಸುದ್ದಿಯ ತಲೆಗಿಟ್ಟು, ಬುಡದಲ್ಲಿ ಕಂಡ ಅಂಕಿಯನ್ನು ದೊಡ್ಡ ದನಿಯಲ್ಲಿ ಓದಿದ. ಐದು ಇಂಚಿನ ಸುದ್ದಿ ಏಳಾಯಿತು. ಏಕನಾಥ ಹಲ್ಲು ಕಡಿಯುತ್ತ ಏಳು ಎಂದೇ ಬರೆದುಕೊಂಡ. ಸ್ಪೋರ್ಟಿಂಗ್‌ನದು ಸರಿಯಾದ ಅಳತೆ, ರೇಂಜರ್ಸ್‌ನದು ಪ್ರತಿ ಸಲ ಎರಡು ಇಂಚು ಜಾಸ್ತಿ. ನಾನು ಕೂಗಿ ಹೇಳಬೇಕೆಂದರೆ ನನಗೆ ಬಾಯಿಲ್ಲ. ನಾನು ತೋರಿಸಿದ್ದು ಸುಳ್ಳೇ? ಅಲ್ಲ, ನನ್ನ ಮೈಮೇಲೆ ಏಳು ಎಂದೇ ಇದೆ. ಹಾಗಾದರೆ ನಿಜವೇ? ಅದೂ ಅಲ್ಲ. ಇಷ್ಟು ವರ್ಷ ಹತ್ತೂರಿನ ಎದೆ ಅಳೆದವನಿಗೆ ಆಗಿನಷ್ಟು ಗಲಿಬಿಲಿ ಎಂದೂ ಆಗಿರಲಿಲ್ಲ.

ಎರಡು ಲೀಗು ಮುಗಿಯುವ ಹೊತ್ತಿಗೆ ಒಬ್ಬೊಬ್ಬರದು ಮೂವತ್ತು ಸುದ್ದಿ ಅಳೆದಾಗಿತ್ತು. ಸ್ಪೋರ್ಟಿಂಗ್‌ಗೆ ಇನ್ನೂರ ಹನ್ನೆರಡು ಇಂಚು, ರೇಂಜರ್ಸ್‌ಗೆ ಇನ್ನೂರ ಅರವತ್ತೊಂದು. ಓಣಿಯ ರಕ್ತ ಕುದಿಯಿತು. ನೂರ ಹನ್ನೆರಡು ಮಂದಿ ಅರ್ಜಿಗೆ ಸಹಿ ಹಾಕಿದರು. ಹಾದಿಮನಿಯವರು ಪಕ್ಷಪಾತಿ, ಅವರು ಬರೆಯುವುದು ನಿಲ್ಲಬೇಕು ಎಂಬುದೇ ಅರ್ಜಿ. ಏಕನಾಥ ಅದನ್ನು ಹಿಡಿದು, ನನ್ನನ್ನು ಸಾಕ್ಷಿಯ ಹಾಗೆ ಕೊರಳಿಗೆ ಹಾಕಿಕೊಂಡು, ಪತ್ರಿಕೆಯ ಕಚೇರಿಗೆ ಹೋದ.

ಸಂಪಾದಕರು ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ಡ್ರಾಯರ್ ಎಳೆದು ಇನ್ನೊಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟರು.

"ಇದು ಮೊನ್ನೆ ರೇಂಜರ್ಸ್ ಮಂದಿ ಕೊಟ್ಟು ಹೋಗಿದ್ದು. ನಿಮ್ಮವರ ಫೋಟೊ ಒಂಬತ್ತು ಬಂದಾವಂತ, ಅವರದು ಆರ. ಹಾದಿಮನಿಯವರು ನಿಮ್ಮ ಕಡೆ ಅದಾರಂತ."

ಏಕನಾಥ ಆ ಅರ್ಜಿಯನ್ನು ಎಳೆದುಕೊಂಡು ಓದಿದ. ಒಬ್ಬನೇ ಮನುಷ್ಯ, ಇಬ್ಬರಿಗೂ ಅನ್ಯಾಯ ಮಾಡುವುದು ಹೇಗೆ?

"ಹಂಗಾದ್ರ ಇಬ್ರಿಗೂ ಅನ್ಯಾಯ ಆಗೇತಿ," ಎಂದರು ಸಂಪಾದಕರು. "ಇನ್ಮ್ಯಾಲೆ ಯಾರಿಗೂ ಆಗೂದಿಲ್ಲ. ಫುಟ್‌ಬಾಲ್ ಸುದ್ದೀನ ಬ್ಯಾಡ. ಹೋಗಿ ಬರ್ರಿ."

ಮೂಲೆಯ ಮೇಜಿನಲ್ಲಿ ಹಾದಿಮನಿಯವರು ಕೆಂಪು ಪೆನ್ನು ಹಿಡಿದು ಕರಡು ತಿದ್ದುತ್ತಿದ್ದರು. ಎಲ್ಲವೂ ಕೇಳಿಸಿತ್ತು. ತಲೆ ಎತ್ತಲಿಲ್ಲ.

ಮುಂದಿನ ಸೋಮವಾರ ಫುಟ್‌ಬಾಲಿನ ಜಾಗದಲ್ಲಿ ಸೀರೆ ಅಂಗಡಿಯ ಜಾಹೀರಾತು ಇತ್ತು. "ಹೋಗ್ಲಿ ಬಿಡ್ರಿ, ಅವರಿಗೂ ಇಲ್ಲಲ್ಲ!" ಎಂದು ಓಣಿಯವರು ಸಮಾಧಾನಪಟ್ಟರು. ಏಕನಾಥನೂ ನಕ್ಕ, ಆದರೆ ಆ ದಿನ ಎರಡು ಗುಂಡಿಗೆ ಕಾಜಾ ಹೊಲಿಯುವುದನ್ನೇ ಮರೆತ.

ಮರುವರ್ಷದ ಲೀಗಿನಲ್ಲಿ ಎಂದೂ ನಡೆಯದ್ದು ನಡೆಯಿತು. ಸ್ಪೋರ್ಟಿಂಗ್ ಫೈನಲ್ ತಲುಪಿತು, ಎದುರಾಳಿ ರೇಂಜರ್ಸ್. ಆ ಸಂಭ್ರಮಕ್ಕೆ ಮಕ್ತುಮಸಾಬ ತನ್ನ ಗಾಡಿಗೆ ಸ್ಪೋರ್ಟಿಂಗ್ ಬಣ್ಣದ ಹಸಿರು ಬಟ್ಟೆಯ ಹೊದಿಕೆ ಬೇಕೆಂದ. ನನ್ನನ್ನು ಇಸಿದುಕೊಂಡು ಹೋಗಿ ಗಾಡಿಯನ್ನು ತಾನೇ ಅಳೆದು ಬಂದ. ಏಕನಾಥ ಹೊಲಿದ. ಹೊದಿಸಿ ನೋಡಿದರೆ ಉದ್ದಕ್ಕೂ ಎರಡು ಇಂಚು ಜಾಸ್ತಿ, ಅಗಲಕ್ಕೂ ಎರಡು ಇಂಚು ಜಾಸ್ತಿ.

"ಎಲ್ಲಿಂದ ಅಳದಿಯೋ?"

"ಎಲ್ಲಿಂದ ಅಂದ್ರ? ತುದೀಲಿಂದ. ಪೇಪರ್ ಅಳೀತಿದ್ನಲ್ಲ, ಹಂಗ."

ಏಕನಾಥ ನನ್ನ ಮೊಂಡು ತುದಿಯನ್ನು ಹೆಬ್ಬೆರಳಿನಿಂದ ಸವರಿದ. ನೋಟುಬುಕ್ಕು ತೆಗೆದ. ಮೂವತ್ತು ಸುದ್ದಿಗೆ ಎರಡೆರಡರಂತೆ ಅರವತ್ತು. ಇನ್ನೂರ ಅರವತ್ತೊಂದರಲ್ಲಿ ಅರವತ್ತು ಕಳೆದರೆ ಇನ್ನೂರ ಒಂದು. ಸ್ಪೋರ್ಟಿಂಗ್‌ಗೇ ಹನ್ನೊಂದು ಇಂಚು ಹೆಚ್ಚು ಸಿಕ್ಕಿತ್ತು.

"ಯಪ್ಪಾ ವಿಠೋಬ! ಸುಮ್ನ ಕುಂತಾಂವನ ಹೊಟ್ಟಿ ಮ್ಯಾಲೆ ಹೊಡದ್ವಲ್ಲೋ ಸಾಬ!"

"ಈಗೇನ್ ಮಾಡೂದ್ರಿ ಮಾಸ್ತರ?"

ಏಕನಾಥನಿಗೆ ನೂರ ಹನ್ನೆರಡು ಮಂದಿಯ ಎದುರು ತಪ್ಪಾಯಿತೆನ್ನಲು ನಾಲಿಗೆ ಏಳಲಿಲ್ಲ. ಫೈನಲ್ ಮುಗಿಯಲಿ ಎಂದು ಸುಮ್ಮನಾದ.

ಫೈನಲ್ಲಿನ ದಿನ ನಾನೂ ಅವನ ಕೊರಳಲ್ಲಿದ್ದೆ. ಆಟ ಮುಗಿಯಲು ಮೂರು ನಿಮಿಷವಿದ್ದಾಗ ಇಲಿಯಾಸ ನದಾಫ ಎಂಬ ನಮ್ಮ ಹುಡುಗ ತಲೆಯಿಂದ ಚೆಂಡನ್ನು ಬಲೆಗೆ ನೂಕಿದ. ಒಂದು ಸೊನ್ನೆ! ಏಕನಾಥ ಕುಣಿದ, ಅತ್ತ, ಗುರುತಿಲ್ಲದವರನ್ನೆಲ್ಲ ಅಪ್ಪಿದ. ಮೂವತ್ತೆರಡು ವರ್ಷಕ್ಕೆ ಬಂದ ಕಪ್ಪು! ಕುಣಿಯುತ್ತಿದ್ದವನು ಬೇವಿನ ಮರದತ್ತ ನೋಡಿ ನಿಂತುಬಿಟ್ಟ. ಹಾದಿಮನಿಯವರು ಛತ್ರಿ ಹಿಡಿದು ಕೂತಿದ್ದರು. ಕೈಯಲ್ಲಿ ಪುಸ್ತಕವೂ ಇರಲಿಲ್ಲ, ಪೆನ್ನೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಏಕನಾಥ 'ಬೆಳವಲ ಸುದ್ದಿ'ಯ ಪುಟಗಳನ್ನೆಲ್ಲ ತಿರುವಿದ. ಬರುವುದಿಲ್ಲವೆಂದು ಗೊತ್ತಿದ್ದೂ ತಿರುವಿದ. ಯಾವುದೋ ದೂರದೇಶದ ಕ್ರಿಕೆಟ್ ಇತ್ತು, ಪ್ರೆಶರ್ ಕುಕ್ಕರಿನ ಜಾಹೀರಾತು ಇತ್ತು. ಸ್ಪೋರ್ಟಿಂಗ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ಪೇಪರಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ತನ್ನ ಕಣ್ಣನ್ನು ತನ್ನ ಬೆರಳೇ ತಿವಿದಿತ್ತು, ಬೈಯಲು ಬೇರೆ ಯಾರೂ ಸಿಗಲಿಲ್ಲ.

ಆಮೇಲೆ ಎದ್ದು ಮುಖ ತೊಳೆದು, ನೋಟುಬುಕ್ಕು ಹಿಡಿದು ಹಾದಿಮನಿಯವರ ಮನೆಗೆ ನಡೆದ. ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ನನ್ನ ಮೊಂಡು ತುದಿಯನ್ನೂ ತೋರಿಸಿದ.

"ತಪ್ಪು ನಂದರೀ ಸರ್. ಖರೆ ಅಳದ್ರ ನೀವು ನಮಗ ಹನ್ನೊಂದು ಇಂಚು ಹೆಚ್ಚ ಕೊಟ್ಟೀರಿ. ನಾನ ಬಂದು ಎಲ್ಲಾರ ಮುಂದ ಹೇಳ್ತೀನಿ."

ಹಾದಿಮನಿಯವರು ನನ್ನ ತುದಿ ಹಿಡಿದು ಅಲ್ಲಿದ್ದ ಮೂರರ ಅಂಕಿ ನೋಡಿದರು.

"ಹನ್ನೊಂದ? ಅಷ್ಟಾತೇನು?" ಎಂದರು. "ಒಳಗ ಬಂದು ಕುಂದರ್ರಿ ಮಾಸ್ತರ. ನಿಮಗೊಂದು ಮಾತು ಹೇಳ್ತೀನಿ, ಯಾರಿಗೂ ಹೇಳಿಲ್ಲ. ನಾ ಕೇಶ್ವಾಪುರದಾಗ ಬೆಳದಾಂವ. ಅರಿವು ಬಂದಾಗಿಂದ ರೇಂಜರ್ಸ್‌ನಾಂವ. ಅದು ಬರವಣಿಗ್ಯಾಗ ಎಲ್ಲಿ ಕಂಡುಬಿಡ್ತದೋ ಅಂತ ಹೆದರಿ, ನಿಮ್ಮ ಸುದ್ದಿಗೆ ಒಂದೊಂದು ಸಾಲು ಹೆಚ್ಚಿಗಿ ಬರೀತಿದ್ದೆ."

ಹಾಗಾದರೆ ಪಕ್ಷಪಾತ ಇತ್ತೋ, ಇರಲಿಲ್ಲವೋ? ಇದ್ದರೆ ಯಾರ ಕಡೆ? ನನ್ನ ತಲೆಯಂತೂ ಗಿರ್ ಎಂದಿತು. ಏಕನಾಥ ನೋಟುಬುಕ್ಕಿನ ಖಾಲಿ ಹಾಳೆ ತೆಗೆದು ಅವರ ಮುಂದಿಟ್ಟ.

"ನಿನ್ನಿ ಮ್ಯಾಚ್ ಬರದು ಕೊಡ್ರಿ ಸರ್. ಪೇಪರಿಗೆ ಬ್ಯಾಡ, ನನಗ."

"ನಾ ರೇಂಜರ್ಸ್‌ನಾಂವ ಅಂತ ಗೊತ್ತಾದ ಮ್ಯಾಲೂ?"

"ನೀವ ಬರೀಬೇಕ್ರಿ."

ಈಗ ನನಗೆ ವಯಸ್ಸಾಯಿತು. ಅಂಕಿಗಳು ಮಾಸಿವೆ, ಮೈ ಜಗ್ಗಿದೆ. ಏಕನಾಥ ಕಡೆಗೂ ಹೊಸ ಟೇಪು ತಂದ, ನನ್ನನ್ನು ಅಂಗಡಿಯ ಗೋಡೆಯ ಮೊಳೆಗೆ ತೂಗುಹಾಕಿದ. ಓಣಿಯವರ ಎದುರು ತಪ್ಪು ಒಪ್ಪಿಕೊಂಡದ್ದಕ್ಕೆ ಅರ್ಧ ಜನ ಅವನನ್ನು 'ಪೇಪರಿನವರ ಚಮಚಾ' ಎಂದರು. ಫುಟ್‌ಬಾಲ್ ಅಂಕಣ ಇನ್ನೂ ಮರಳಿ ಬಂದಿಲ್ಲ. ಮನುಷ್ಯರ ನ್ಯಾಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂಬುದು ನನಗೆ ಇನ್ನೂ ತಿಳಿದಿಲ್ಲ, ಇನ್ನು ತಿಳಿಯುವ ಆಸೆಯೂ ಇಲ್ಲ.

ಕಂಡದ್ದನ್ನು ಮಾತ್ರ ಹೇಳುತ್ತೇನೆ. ಆ ಬೆಳಗ್ಗೆ ಹಾದಿಮನಿಯವರು ಪೆನ್ನು ತೆಗೆದುಕೊಂಡರು. ತಮ್ಮ ಕ್ಲಬ್ಬು ಸೋತದ್ದನ್ನು, ನದಾಫ ನೆಗೆದದ್ದನ್ನು, ಚೆಂಡು ಬಲೆಗೆ ಬಿದ್ದದ್ದನ್ನು ಕಣ್ಣೊರೆಸಿಕೊಳ್ಳುತ್ತ ಬರೆದರು. ಮೂರು ಪುಟವಾಯಿತು. ಏಕನಾಥ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದೊಂದೇ ಸಾಲು ಓದಿದ. ನಾನು ಅವನ ಕೊರಳಲ್ಲೇ ಇದ್ದೆ. ಅವನು ಅಳೆಯಲಿಲ್ಲ.